ಸತ್ತ ವಕೀಲರ ಟಪಾಲು ಓದಿದ ಎಂಟು ವರ್ಷ

ಬೇರೆಯವರ ಕಾಗದ ಓದಬಾರದು ಎಂದು ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ದೊಡ್ಡವಳಾದ ಮೇಲೆ ಎಂಟು ವರ್ಷ ಅದನ್ನೇ ಮಾಡಿ ಸಂಬಳ ತೆಗೆದುಕೊಂಡೆ. ಅದೂ ಅಂತಿಂಥವರ ಕಾಗದವಲ್ಲ. ಅಮೆರಿಕದ ದಕ್ಷಿಣ ಸೀಮೆಯ ಒಂದು ಸಣ್ಣ ಊರಿನಲ್ಲಿ, ಅಲ್ಲಿ ಅಂತರ್ಯುದ್ಧ ಆಗುವುದಕ್ಕೂ ಮೊದಲು ವಕೀಲಿ ಮಾಡಿಕೊಂಡಿದ್ದ ಒಬ್ಬ ಮನುಷ್ಯನ ವ್ಯವಹಾರದ ಪತ್ರಗಳು. ಅವನ್ನು ನಾನು ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ, ಇಲ್ಲಿಯ ತಮಿಳು ಮುಸಲ್ಮಾನರು ನಡೆಸುವ ಒಂದು ಮಾಮಾಕ್ ಹೋಟೆಲಿನ ಮೇಲಿನ ಮೂರನೇ ಮಹಡಿಯಲ್ಲಿ ಕೂತು, ಕೆಳಗಿನಿಂದ ಬರುವ ರೊಟ್ಟಿಯ ಘಮ ಕುಡಿಯುತ್ತಾ ಓದಿದೆ.

ಇಲ್ಲಿಯ ನಿಲಾಯ್ ಊರಿನ ಕಾಲೇಜಿನಲ್ಲಿ ಓದು ಮುಗಿಸಿದ ನಮ್ಮ ಕಡೆಯ ಮಕ್ಕಳು ಇಬ್ಬರು ಮೂವರು ಈಗ ಇಂಥದೇ ಕೆಲಸಕ್ಕೆ ಸೇರಿದ್ದಾರೆ. ಈದ್ ಊಟಕ್ಕೆ ಬಂದಾಗ, ಅಲ್ಲಿ ನಿಜಕ್ಕೂ ಏನು ಮಾಡಬೇಕು ಆಂಟಿ ಎಂದು ಕೇಳುತ್ತಾರೆ. ಪ್ಲೇಟಿನಲ್ಲಿ ಬಿರಿಯಾನಿ ಇರುವಾಗ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಯಾವ ವರ್ಷ ನನ್ನನ್ನು ಯಾವ ಹುದ್ದೆಗೆ ಏರಿಸಿದರು ಎಂಬುದು ಇದರಲ್ಲಿ ಇಲ್ಲ. ವಕೀಲರ ಹೆಸರು, ಊರಿನ ಹೆಸರು ಹೇಳುವಂತಿಲ್ಲ, ಕರಾರಿಗೆ ಸಹಿ ಹಾಕಿದ್ದೇನೆ. ಒಂದು ಹೆಣ್ಣಿನ ಮತ್ತು ಅವಳ ಕಡೆಯವರ ಹೆಸರನ್ನು ಮಾತ್ರ ಇದ್ದ ಹಾಗೇ ಬರೆಯುತ್ತೇನೆ. ಅದಕ್ಕೆ ಅವಳ ಮನೆಯವರ ಒಪ್ಪಿಗೆ ಇದೆ.

ನಾನು ಶಮೀಮ್ ಬಾನು, ರಾಣೆಬೆನ್ನೂರಿನವಳು. ಮದುವೆಗೆ ಮೊದಲು ನಾಲ್ಕು ವರ್ಷ ಅಲ್ಲಿಯ ಪಾಟೀಲ ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಪಾಟೀಲರ ಅಕ್ಷರ ಅಂದರೆ ಶಾಯಿಯಲ್ಲಿ ಕಾಲದ್ದಿದ ಕೋಳಿ ಕಾಗದದ ಮೇಲೆ ಓಡಿದ ಹಾಗೆ. ಕೋರ್ಟಿಗೆ ಹೊರಡುವ ಹೊತ್ತಿಗೆ ತಾವೇ ಬರೆದ ಹಾಳೆಯನ್ನು ನನ್ನ ಮುಂದೆ ಹಿಡಿದು, "ಶಮೀಮಾ, ನಾ ಏನ್ ಬರದೀನಿ ಒಂದೀಟ್ ಓದಿ ಹೇಳವ್ವಾ" ಎನ್ನುತ್ತಿದ್ದರು. ಆಮೇಲೆ ಮದುವೆಯಾಗಿ, ಗಂಡ ಇಕ್ಬಾಲ್‌ಗೆ ಪೆಟಾಲಿಂಗ್ ಜಯಾದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ಮಗಳು ಸಾನಿಯಾ ಇಲ್ಲೇ ಹುಟ್ಟಿ ಬೆಳೆದಳು. ಅವಳು ಕಾಲೇಜು ಸೇರಿದ ಮೇಲೆ ಮನೆಯಲ್ಲಿ ನನಗೆ ಮಾತಾಡಲು ಫ್ಯಾನು ಬಿಟ್ಟರೆ ಯಾರೂ ಇರಲಿಲ್ಲ. ಹಳೆಯ ಕೈಬರಹ ಓದಿ ಟೈಪ್ ಮಾಡುವವರು ಬೇಕು ಎಂಬ ಜಾಹೀರಾತು ನೋಡಿ ಅರ್ಜಿ ಹಾಕಿದೆ. ಆಗ ನನಗೆ ಐವತ್ತೆರಡು.

ಪರೀಕ್ಷೆಗೆ ಬಂದವರಲ್ಲಿ ಹೆಚ್ಚಿನವರು ಪದವೀಧರ ಹುಡುಗ ಹುಡುಗಿಯರು. ಎಲ್ಲರಿಗೂ ಒಂದೇ ಪುಟ ಕೊಟ್ಟರು. ಅದನ್ನು ನೋಡಿ ಪಕ್ಕದ ಹುಡುಗ ಇದು ಅರಬ್ಬಿಯಾ ಎಂದು ನನ್ನನ್ನೇ ಕೇಳಿದ. ನನಗೋ ನಗು ಉಕ್ಕಿ ಬಂತು. ಆ ಪುಟದಲ್ಲಿದ್ದದ್ದು ನಮ್ಮ ಪಾಟೀಲರೇ. ಇಂಗ್ಲಿಷಿನಲ್ಲಿ ಬರೆದಿದ್ದರು, ಅಷ್ಟೇ. ವಕೀಲ ಯಾವ ಊರಿನವನಾದರೂ ಮೊದಲ ಸಾಲಿನಲ್ಲಿ ತಮ್ಮ ಪತ್ರ ತಲುಪಿತು ಎನ್ನುತ್ತಾನೆ, ಎರಡನೆಯದರಲ್ಲಿ ತಡವಾದದ್ದಕ್ಕೆ ಕ್ಷಮೆ ಕೇಳುತ್ತಾನೆ, ಮೂರನೆಯದರಲ್ಲಿ ತಪ್ಪು ಎದುರಿನವನದ್ದು ಎನ್ನುತ್ತಾನೆ. ನಾನು ಅಕ್ಷರ ಬಿಟ್ಟು ವಕೀಲನನ್ನು ಓದಿದೆ. ಕೆಲಸ ಸಿಕ್ಕಿತು.

ನಮ್ಮ ಮೇಲಿನವರು ಎನ್ಚಿಕ್ ರಸ್ಲಾನ್. ಎನ್ಚಿಕ್ ಅಂದರೆ ಇಲ್ಲಿ ಶ್ರೀಯುತ ಎಂದ ಹಾಗೆ. ನನ್ನನ್ನು ಅವರು ಪುವಾನ್ ಶಮೀಮ್ ಎನ್ನುತ್ತಿದ್ದರು, ಶ್ರೀಮತಿ ಎಂಬ ಅರ್ಥದಲ್ಲಿ. ಹಿಂದೆ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ಮನುಷ್ಯ. ಊಟದ ಬಿಲ್ಲಿನಲ್ಲಿ ಕೂಡ ಕಾಗುಣಿತ ತಿದ್ದಿ ಕೊಡುತ್ತಿದ್ದರು. ನನ್ನ ಜೊತೆಗಾರ್ತಿ ಕಸ್ತೂರಿ, ಇಲ್ಲಿಯದೇ ತಮಿಳು ಹೆಂಗಸು. ಇಪ್ಪತ್ತು ವರ್ಷಕ್ಕೂ ಮೇಲೆ ಅಂಚೆಯಲ್ಲಿ ಕಾಗದ ವಿಂಗಡಿಸಿದವಳು. ಮಳೆಯಲ್ಲಿ ನೆಂದು ಅಳಿಸಿಹೋದ ವಿಳಾಸವನ್ನೂ ಓದಿ ಮನೆ ಮುಟ್ಟಿಸಿದ್ದೇನೆ ಎಂದು ಮೊದಲ ದಿನವೇ ಹೇಳಿಕೊಂಡಳು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಅಕ್ಕಾ ಎಂದು ಕರೆಯುತ್ತಿದ್ದಳು. ಇಬ್ಬರೂ ಸೇರಿ ಆ ಆಫೀಸಿನಲ್ಲಿ ನಕ್ಕ ನಗುವಿಗೆ ಯಾರಾದರೂ ಬಾಡಿಗೆ ಕೇಳಬೇಕಿತ್ತು.

ಕೆಲಸದ ರೀತಿ ಹೀಗೆ. ಅಮೆರಿಕದ ಒಂದು ಗ್ರಂಥಾಲಯದವರು ಆ ವಕೀಲರ ಪತ್ರಗಳ ಫೋಟೋ ತೆಗೆದು ನಮಗೆ ಕಳಿಸುತ್ತಾರೆ. ಒಂದೇ ಪುಟವನ್ನು ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡಬೇಕು, ಒಬ್ಬರನ್ನೊಬ್ಬರು ಕೇಳಬಾರದು. ಎರಡನ್ನೂ ಕಂಪ್ಯೂಟರು ಹೋಲಿಸಿ, ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಕೆಂಪು ಬಣ್ಣ ತೋರಿಸುತ್ತದೆ. ಆಗ ಕೂತು ಯಾರದು ಸರಿ ಎಂದು ತೀರ್ಮಾನ ಮಾಡಬೇಕು. ತಪ್ಪಿದವರು ಮಧ್ಯಾಹ್ನದ ಊಟ ಕೆಳಗಿನಿಂದ ತಪಾವ್ ಕಟ್ಟಿಸಿಕೊಂಡು ಬರಬೇಕು ಎಂಬುದು ನಾವಿಬ್ಬರೂ ಮಾಡಿಕೊಂಡ ಕಾನೂನು.

ಮೊದಲ ವಾರ ಕಸ್ತೂರಿ ಮೂರು ದಿನ ಊಟ ತಂದಳು. ಆ ಕಾಲದಲ್ಲಿ ಎರಡು ಎಸ್ ಒಟ್ಟಿಗೆ ಬಂದರೆ ಮೊದಲನೆಯದನ್ನು ಉದ್ದಕ್ಕೆ ಎಳೆದು ಬರೆಯುತ್ತಿದ್ದರು. ನೋಡಿದರೆ ಎಫ್ ಎನಿಸುತ್ತದೆ. ಅಕ್ಕಾ, ಈ ಮಿಫ್ಸಿಫ್ಸಿಪ್ಪಿ ಯಾವ ದೇಶದಲ್ಲಿದೆ ಎಂದು ಅವಳು ಬಹಳ ಗಂಭೀರವಾಗಿ ಕೇಳಿದಳು. ಅದು ಮಿಸಿಸಿಪ್ಪಿ. ನಾನು ಕುರ್ಚಿಯಿಂದ ಜಾರಿದೆ. ಅವಳಿಗೆ ಇನ್ನೊಂದು ಅನುಮಾನ ಇತ್ತು, ಈ ವಕೀಲರ ಕಡೆಯವರು ಕುಡಿಯುವುದು ಸ್ವಲ್ಪ ಜಾಸ್ತಿಯೇ ಎಂದು. ಪ್ರತಿ ಕಾಗದದಲ್ಲೂ ಜಿನ್ ಬರುತ್ತದೆ, ಹೊಸ ಜಿನ್ ತರಿಸಿದ್ದಾರೆ, ಜಿನ್ ಕೆಟ್ಟಿದೆ, ಪಕ್ಕದವನ ಜಿನ್ ಎರವಲು ಕೇಳಿದ್ದಾರೆ. ನಾನು ಹತ್ತಿ ಸೀಮೆಯವಳು. ಜಿನ್ನು ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಕಣೇ ಎಂದಾಗ ಅವಳ ಮುಖ ಸಣ್ಣಗಾಯಿತು. ಕುಡುಕ ವಕೀಲನೇ ಅವಳಿಗೆ ಹೆಚ್ಚು ಇಷ್ಟವಾಗಿದ್ದ.

ಇನ್ನು ನನ್ನ ತಪ್ಪು ಕೇಳಿ. ಇದು ಆಫೀಸಿನಲ್ಲಿ ಬಹಳ ದಿನ ಓಡಾಡಿತು.

ವಕೀಲರ ಕಾಗದಗಳಲ್ಲಿ ಮೇರಿ ಎಂಬ ಹೆಸರು ಮತ್ತೆ ಮತ್ತೆ ಬರತೊಡಗಿತು. ಮೇರಿ ಚೆನ್ನಾಗಿದ್ದಾಳೆ. ಮೇರಿಗೆ ನಿಮ್ಮ ಊರಿನ ದಾರಿ ಹಿಡಿಸುವುದಿಲ್ಲ. ಮೇರಿಯ ಸ್ವಭಾವ ಬಿಸಿ, ಅಪರಿಚಿತರು ಹತ್ತಿರ ಬರಬಾರದು. ಹೆಂಡತಿಯ ಹೆಸರು ಬೇರೆ ಎಂದು ನಮಗೆ ಗೊತ್ತಿತ್ತು. ನಿಯಮ ಮುರಿದು ಕಸ್ತೂರಿಯ ಕಿವಿಯಲ್ಲಿ ಹೇಳಿದೆ, ಇವನಿಗೆ ಇನ್ನೊಬ್ಬಳು ಇದ್ದಾಳೆ. ಅಲ್ಲಿಂದ ಇಬ್ಬರಿಗೂ ಕೆಲಸ ಎಂದರೆ ಹಬ್ಬ. ಮೇರಿ ಇವತ್ತು ಬಂದಳಾ, ಏನಂದಳಂತೆ. ಹೆಂಡತಿಗೆ ಗೊತ್ತಾಗುವುದು ಯಾವಾಗ ಎಂದು ಪಂದ್ಯ ಕಟ್ಟಿದೆವು. ಇಕ್ಬಾಲ್ ಕೂಡ ಸಂಜೆ ಮನೆಗೆ ಬಂದ ಕೂಡಲೇ ಚಪ್ಪಲಿ ಬಿಡುತ್ತಾ ಮೇರಿ ಸಮಾಚಾರ ಕೇಳುತ್ತಿದ್ದರು.

ಒಂದು ತಿಂಗಳಾದ ಮೇಲೆ ಒಂದು ಕಾಗದ ಬಂತು. ಮೇರಿಯ ನಾಲ್ಕೂ ಕಾಲಿಗೆ ಲಾಳ ಹೊಡೆಸಿದ್ದೇನೆ ಎಂದು ವಕೀಲರು ಬರೆದಿದ್ದರು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅದು ಮೇರಿ ಅಲ್ಲ, ಮೇರ್. ಹೆಣ್ಣು ಕುದುರೆ. ಪದದ ಕೊನೆಯ ಇ ಅಕ್ಷರಕ್ಕೆ ವಕೀಲರು ಕೆಳಗೆ ಒಂದು ಕೊಂಕು ಎಳೆಯುತ್ತಿದ್ದರು, ಅದನ್ನು ನಾನು ವೈ ಎಂದು ಓದಿದ್ದೆ. ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಆ ಪುಟಗಳೆಲ್ಲಾ ಅಮೆರಿಕ ಸೇರಿದ್ದವು. ರಸ್ಲಾನ್ ಅವರ ಕೋಣೆಗೆ ಹೋಗಿ ತಲೆ ತಗ್ಗಿಸಿ ನಿಂತೆವು. ಅವರು ಎಲ್ಲಾ ಕೇಳಿ, ಕಿಟಕಿಯ ಕಡೆ ತಿರುಗಿ ನಿಂತರು. ಸಿಟ್ಟಾಗಿದ್ದಾರೆ ಎಂದುಕೊಂಡೆ. ನೋಡಿದರೆ ಭುಜ ಕುಣಿಯುತ್ತಿತ್ತು. ತಿರುಗಿದಾಗ ಮಾತ್ರ ಮುಖ ಬಿಗಿಯಾಗಿತ್ತು. ಇಬ್ಬರೂ ಒಂದೇ ತಪ್ಪು ಮಾಡಿದರೆ ಕಂಪ್ಯೂಟರಿಗೆ ಕೆಂಪು ತೋರಿಸಲು ಆಗುವುದಿಲ್ಲ, ಮಾತಾಡಬಾರದು ಎಂಬ ನಿಯಮ ಇರುವುದು ಅದಕ್ಕೇ ಎಂದರು. ಕಸ್ತೂರಿಯ ಮೇಜನ್ನು ಹಾಲಿನ ಆ ತುದಿಗೆ ಹಾಕಿಸಿದರು. ಇದನ್ನು ಚೆನ್ನಾಗಿ ನೆನಪಿಡಿ ಮಕ್ಕಳೇ, ಪಕ್ಕದವಳನ್ನು ಕೇಳಿ ಹೊಂದಿಸಿಕೊಂಡ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಸ್ತೂರಿ ದೂರ ಹೋದ ಮೇಲೂ ಖುಷಿ ಕಡಿಮೆಯಾಗಲಿಲ್ಲ. ಕಾಗದ ಉಳಿಸಲು ಕೆಲವರು ಪುಟ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ, ಬರೆದುದರ ಮೇಲೆಯೇ ಬರೆಯುತ್ತಿದ್ದರು. ನೋಡಿದರೆ ಬಿದಿರಿನ ತಟ್ಟಿಯ ಹಾಗೆ. ಅಂಥ ಪುಟ ಬಂದ ದಿನ ನಾನು ಈ ತುದಿಯಲ್ಲಿ, ಅವಳು ಆ ತುದಿಯಲ್ಲಿ, ಕತ್ತು ಭುಜಕ್ಕೆ ಒರಗಿಸಿಕೊಂಡೇ ಬೆಳಗಿನಿಂದ ಮಧ್ಯಾಹ್ನದ ತನಕ ಕೂರುತ್ತಿದ್ದೆವು. ಊಟಕ್ಕೆ ಇಳಿದರೂ ಕತ್ತು ನೆಟ್ಟಗಾಗುತ್ತಿರಲಿಲ್ಲ. ಮಾಮಾಕ್ ಅಂಗಡಿಯವನು ಮೇಲಿನ ಆಫೀಸಿನಲ್ಲಿ ದಿಂಬು ಸರಿಯಿಲ್ಲವಾ ಎಂದು ಕೇಳಿದ್ದ.

ಆಗೆಲ್ಲಾ ಕಸ್ತೂರಿ ಆ ವಕೀಲರನ್ನು ಅಂಕಲ್ ಎನ್ನುತ್ತಿದ್ದಳು. ಇಲ್ಲಿ ಟ್ಯಾಕ್ಸಿಯವನೂ ಅಂಕಲ್, ಹಣ್ಣಿನವನೂ ಅಂಕಲ್. ಅಂಕಲ್ ಇವತ್ತು ನೆಗಡಿಯಲ್ಲಿ ಬರೆದಿದ್ದಾರೆ ನೋಡು ಎನ್ನುತ್ತಿದ್ದಳು. ನನಗೂ ಆ ಮನುಷ್ಯನ ಮೇಲೆ ಒಂದು ಸಲಿಗೆ ಬಂದಿತ್ತು. ಪಾಟೀಲರ ದೂರದ ನೆಂಟ ಎನ್ನುವಷ್ಟು.

ಎರಡನೇ ವರ್ಷದಲ್ಲಿ ಒಂದು ಯಾದಿ ಬಂತು. ತೀರಿಕೊಂಡ ಕಕ್ಷಿದಾರನೊಬ್ಬನ ಸೊತ್ತನ್ನು ವಾರಸುದಾರರಿಗೆ ಹಂಚಲು ವಕೀಲರು ಮಾಡಿದ ಪಟ್ಟಿ. ಗಡಿಯಾರ ಒಂದು. ಹೇಸರಗತ್ತೆ ಎರಡು. ಮಂಚ ಮೂರು. ಅದರ ಕೆಳಗಿನ ಸಾಲಿನಲ್ಲಿ ಒಬ್ಬ ಹೆಂಗಸಿನ ಹೆಸರು, ಮತ್ತು ಅವಳ ಮಗು.

ಆ ಸೀಮೆಯಲ್ಲಿ ಆಗ ಮನುಷ್ಯರನ್ನು ಕೊಳ್ಳುತ್ತಿದ್ದರು, ಮಾರುತ್ತಿದ್ದರು ಎಂದು ನಮಗೆ ಗೊತ್ತಿರಲಿಲ್ಲ ಎಂದೇನಲ್ಲ. ಆದರೆ ಮಂಚ ಎಂದು ಟೈಪ್ ಮಾಡಿದ ಬೆರಳಿನಲ್ಲೇ ಆ ಹೆಸರನ್ನೂ ಟೈಪ್ ಮಾಡಬೇಕಾಯಿತು. ಅದೇ ಕೈಬರಹ, ಅದೇ ಕೊಂಕು. ಪಟ್ಟಿಯ ಜೊತೆಗಿದ್ದ ಕಾಗದದಲ್ಲಿ ಅದೇ ಸೌಜನ್ಯ, ತಮ್ಮ ಆರೋಗ್ಯ ಕುಶಲ ಎಂದು ಭಾವಿಸುತ್ತೇನೆ. ಹಾಲಿನ ಆ ತುದಿಯನ್ನು ನೋಡಿದೆ. ಕಸ್ತೂರಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದಳು. ಆ ದಿನದ ಮೇಲೆ ಅವಳು ಆತನನ್ನು ಅಂಕಲ್ ಎನ್ನಲಿಲ್ಲ. ಆ ವಕೀಲ ಎನ್ನುತ್ತಿದ್ದಳು.

ಸಂಜೆ ಇಬ್ಬರ ಪುಟವನ್ನೂ ಹೋಲಿಸಿದಾಗ ಒಂದೇ ಒಂದು ಕೆಂಪು ಬಂತು. ಆ ಹೆಂಗಸಿನ ಹೆಸರು. ನಾನು ಲೆಟ್ಟಿ ಎಂದು ಓದಿದ್ದೆ, ಅವಳು ಹೆಟ್ಟಿ ಎಂದು. ಮೊದಲನೆಯದು ಎಲ್ ಅಕ್ಷರವೋ ಎಚ್ ಅಕ್ಷರವೋ ಎಂಬುದೇ ಪ್ರಶ್ನೆ.

ಆ ಕಂತು ಮರುದಿನ ಕಳಿಸಬೇಕಿತ್ತು. ಓದಲಾಗಲಿಲ್ಲ ಎಂದು ಗುರುತು ಹಾಕಿದರೆ ಗ್ರಂಥಾಲಯದವರಿಗೆ ಹಿಡಿಸುವುದಿಲ್ಲ. ಯಾವುದಾದರೂ ಒಂದನ್ನು ಆರಿಸಿ ಎಂದರು ರಸ್ಲಾನ್. ನಾನು ಒಪ್ಪಲಿಲ್ಲ.

"ಒಂದೇ ಅಕ್ಷರ ಪುವಾನ್. ಗಡಿಯಾರ ಸರಿಯಾಗಿದೆ, ಕತ್ತೆ ಸರಿಯಾಗಿದೆ."

"ಗಡಿಯಾರವನ್ನು ಹುಡುಕಿಕೊಂಡು ಯಾರೂ ಬರಲ್ಲ ಎನ್ಚಿಕ್. ಇವಳನ್ನು ಹುಡುಕಿಕೊಂಡು ಬರಬಹುದು."

ಅವರು ಪೆನ್ನಿಗೆ ಟೋಪಿ ಹಾಕಿ ಬದಿಗಿಟ್ಟರು. ಆಮೇಲೆ ಮೂರು ದಿನ ಕೊಟ್ಟರು.

ಆ ಮೂರು ದಿನ ನಮ್ಮ ಮನೆಯಲ್ಲಿ ಊಟದ ಮೇಜು ಇರಲಿಲ್ಲ. ವಕೀಲ ಬರೆದ ದೊಡ್ಡ ಎಲ್, ದೊಡ್ಡ ಎಚ್ ಸಿಕ್ಕಿದ್ದನ್ನೆಲ್ಲಾ ಅಚ್ಚು ಹಾಕಿಸಿ, ಕತ್ತರಿಸಿ, ಸಾನಿಯಾಳ ಹಳೆಯ ಶಾಲೆಯ ಪುಸ್ತಕದಲ್ಲಿ ಅಂಟಿಸಿದೆ. ಪುಸ್ತಕ ತುಂಬಿ ಮೇಜಿಗೆ ಬಂತು, ಮೇಜು ತುಂಬಿ ಫ್ರಿಜ್ಜಿನ ಬಾಗಿಲಿಗೆ ಬಂತು. ಇಕ್ಬಾಲ್ ಕಾರ್ಖಾನೆಯಲ್ಲಿ ಬಿಡಿಭಾಗಗಳ ಗುಣಮಟ್ಟ ನೋಡುವವರು. ಮೊದಲ ದಿನ ಗೊಣಗಿದರು. ಎರಡನೇ ದಿನ ಅಗಲ ಅಳೆಯುವ ತಮ್ಮ ಕ್ಯಾಲಿಪರ್, ಭೂತಗನ್ನಡಿ ತಂದು, ಅಕ್ಷರದ ಕಾಲು ಎಷ್ಟು ಅಗಲ, ಸುರುಳಿ ಎಷ್ಟು ಎತ್ತರ ಎಂದು ಬರೆದಿಡಲು ಶುರು ಮಾಡಿದರು. ನಿಮ್ಮ ವಕೀಲನ ಎಲ್ ನಮ್ಮ ಫ್ಯಾಕ್ಟರಿಯಲ್ಲಿ ಪಾಸಾಗುವುದಿಲ್ಲ ಶಮೀಮ್, ಒಂದರ ಹಾಗೆ ಇನ್ನೊಂದು ಇಲ್ಲ ಎಂದು ಬಹಳ ಬೇಸರ ಮಾಡಿಕೊಂಡರು. ಸೋಫಾದ ಮೇಲೆ ಕೂತಿದ್ದ ಸಾನಿಯಾ, ಬೇರೆಯವರ ಮಮ್ಮಿ ಡ್ಯಾಡಿ ಸೀರಿಯಲ್ ನೋಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಹತ್ತು ನಿಮಿಷದಲ್ಲಿ ತಾನೂ ಕತ್ತರಿ ಹಿಡಿದಳು.

ಕೊನೆಗೆ ಅವಳ ಕಣ್ಣಿಗೇ ಬಿತ್ತು. ಎಲ್ ಬರೆಯುವಾಗ ವಕೀಲ ಪೆನ್ನು ಎತ್ತುವುದಿಲ್ಲ, ಒಂದೇ ಉಸಿರಿಗೆ ಬರೆಯುತ್ತಾನೆ. ಎಚ್ ಬರೆಯುವಾಗ ಒಂದು ಕಾಲು ಬರೆದು, ಪೆನ್ನು ಎತ್ತಿ, ಇನ್ನೊಂದು ಕಾಲು ಬರೆಯುತ್ತಾನೆ. ನಡುವೆ ಕೂದಲೆಳೆಯಷ್ಟು ಬಿಳಿ ಉಳಿಯುತ್ತದೆ. ನಮ್ಮ ಪುಟದಲ್ಲಿ ಆ ಜಾಗದಲ್ಲಿ ಶಾಯಿ ಹರಡಿತ್ತು. ಗ್ರಂಥಾಲಯದಲ್ಲಿ ನಮ್ಮ ಜೊತೆ ಪತ್ರ ವ್ಯವಹಾರ ಮಾಡುತ್ತಿದ್ದವರು ಡೋರಿಸ್ ಎಂಬ ಹೆಂಗಸು. ಆ ಒಂದು ಪದವನ್ನು ಮಾತ್ರ ದೊಡ್ಡದಾಗಿ ಫೋಟೋ ತೆಗೆದು ಕಳಿಸಿ ಎಂದು ಕೇಳಿಕೊಂಡೆ. ಮೂರನೇ ದಿನ ಬೆಳಿಗ್ಗೆ ಬಂತು. ಶಾಯಿಯ ಕೆಳಗೆ, ಇದ್ದರೂ ಇಲ್ಲದ ಹಾಗೆ, ಆ ಬಿಳಿ ಗೆರೆ ಇತ್ತು.

ಎಚ್. ಹೆಟ್ಟಿ. ನಾನು ಓದಿದ್ದು ತಪ್ಪು.

ಸೋತದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ. ಕಸ್ತೂರಿ ಗೆದ್ದವಳ ಗತ್ತಿನಲ್ಲಿ ಕೆಳಗಿನ ಊಟ ಸಾಲದು ಎಂದಳು. ಇಲ್ಲಿಯ ತಮಿಳರ ಕೇರಿ ಬ್ರಿಕ್‌ಫೀಲ್ಡ್ಸ್‌ಗೆ ಕರೆದುಕೊಂಡು ಹೋಗಿ ಬಾಳೆಲೆ ಊಟ ಹಾಕಿಸಿದೆ. ಮೂರು ಸಲ ರಸಂ ಹಾಕಿಸಿಕೊಂಡಳು.

ಆಮೇಲೆ ಹೆಟ್ಟಿಯ ಕತೆ ಶುರುವಾಯಿತು. ಗ್ರಂಥಾಲಯದವರು ಕಾಗದಗಳನ್ನು ತಾರೀಖಿನ ಕ್ರಮದಲ್ಲಿ ಕಳಿಸುತ್ತಿರಲಿಲ್ಲ. ವಕೀಲ ಕಕ್ಷಿದಾರರ ಹೆಸರಿನ ಮೇಲೆ ಕಟ್ಟು ಕಟ್ಟಿಟ್ಟಿದ್ದ, ಅದು ಇದ್ದ ಹಾಗೇ ಬರುತ್ತಿತ್ತು. ಕೆಲವು ವಾರ ಕಳೆದ ಮೇಲೆ ಪಕ್ಕದ ಊರಿನ ಇನ್ನೊಬ್ಬ ವಕೀಲ ಬರೆದ ಕಾಗದ ಸಿಕ್ಕಿತು. ತನ್ನ ಕಕ್ಷಿದಾರ ಐಸಮ್ ಎಂಬ ಬಡಗಿ. ಅವನೂ ಕಪ್ಪು ಮನುಷ್ಯ, ಆದರೆ ಯಾರ ಸ್ವತ್ತೂ ಅಲ್ಲ. ತಾನು ಹೆಟ್ಟಿಯ ಗಂಡ, ಹೆಂಡತಿಯನ್ನೂ ಮಗುವನ್ನೂ ವಾರಸುದಾರರಿಂದ ಬೆಲೆ ಕೊಟ್ಟು ಬಿಡಿಸಿಕೊಳ್ಳಲು ಏನು ಮಾಡಬೇಕು ಎಂದು ಅವನು ಕೇಳುತ್ತಿದ್ದಾನೆ, ಇಷ್ಟು. ಅದಕ್ಕೆ ನಮ್ಮ ವಕೀಲ ಕೊಟ್ಟ ಉತ್ತರದ ನಕಲೂ ಇತ್ತು. ವಾರಸುದಾರರಲ್ಲಿ ಒಮ್ಮತವಿಲ್ಲ, ಕಾಯಬೇಕು.

ನಾವೂ ಕಾದೆವು. ಇನ್ನೊಂದು ಕಟ್ಟಿನಲ್ಲಿ ವಾರಸುದಾರರ ಪೈಕಿ ಒಬ್ಬನ ಕಾಗದ ಬಂತು. ಬಡಗಿಯ ಗೋಜು ಬೇಡ, ಹೆಂಗಸನ್ನು ರೇವು ಪಟ್ಟಣಕ್ಕೆ ಕಳಿಸಿ ಮಾರಿಬಿಡೋಣ ಎಂದು ಬರೆದಿದ್ದ. ಆ ದಿನ ಕಸ್ತೂರಿ ಊಟ ಮಾಡಲಿಲ್ಲ. ಅಂಚೆಯಲ್ಲಿದ್ದಾಗ ತಡವಾಗಿ ಬಂದ ಕಾಗದಗಳನ್ನು ಎಷ್ಟು ನೋಡಿದ್ದೇನೆ ಅಕ್ಕಾ, ಆದರೆ ಇದಕ್ಕೆ ಎಲ್ಲಿ ಹೋಗಿ ವಿಚಾರಿಸಲಿ ಎಂದಳು. ಆಗಿ ನೂರೈವತ್ತು ವರ್ಷಕ್ಕೂ ಮೇಲಾಗಿ ಹೋದ ವಿಷಯ. ಆದರೂ ನಮಗೆ ಅದು ನಾಳೆ ಆಗಲಿರುವ ಹಾಗೆ. ಬೆಳಿಗ್ಗೆ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಬಂದು ಹೊಸ ಕಂತು ತೆರೆಯುತ್ತಿದ್ದೆವು. ಬೇಲಿ ಜಗಳ, ಸೇತುವೆ ಜಗಳ, ಹಂದಿ ತೋಟಕ್ಕೆ ನುಗ್ಗಿದ ಜಗಳ ಎಲ್ಲವನ್ನೂ ಅಷ್ಟು ಬೇಗ ಯಾರೂ ಟೈಪ್ ಮಾಡಿರಲಿಕ್ಕಿಲ್ಲ. ಆ ತಿಂಗಳುಗಳಲ್ಲಿ ನಮ್ಮ ಪುಟಗಳ ಎಣಿಕೆ ನೋಡಿ ರಸ್ಲಾನ್ ಮೆಚ್ಚಿಕೊಂಡರು. ಕಾರಣ ಕೇಳಲಿಲ್ಲ.

ಕೇಳದೇ ಇದ್ದದ್ದು ಯಾಕೆ ಎಂದು ಆಮೇಲೆ ಗೊತ್ತಾಯಿತು. ಆ ಆಸ್ತಿಗೆ ಸೇರಿದ ಉಳಿದ ಕಟ್ಟನ್ನು ಮೊದಲು ಕಳಿಸಿ ಎಂದು ಅವರೇ ಡೋರಿಸ್‌ಗೆ ಗುಟ್ಟಾಗಿ ಬರೆದಿದ್ದರು. ಕಟ್ಟು ಬಂದ ದಿನ, ನಾವು ಕೂರುವ ಮೊದಲೇ ತಮ್ಮ ಕೋಣೆಯಲ್ಲಿ ತೆರೆದು ಓದುತ್ತಿದ್ದರು. ಎಂದೂ ಧ್ವನಿ ಎತ್ತದ ಮನುಷ್ಯ ಬಾಗಿಲಿಗೆ ಬಂದು ನಮ್ಮಿಬ್ಬರ ಹೆಸರು ಕೂಗಿದರು. ಹಾಲಿನಲ್ಲಿದ್ದವರೆಲ್ಲಾ ಬೆಂಕಿ ಬಿತ್ತು ಎಂದು ಎದ್ದು ನಿಂತರು. ನಾವು ಓಡಿದೆವು. ಪರದೆಯ ಮೇಲೆ ಪುಟ್ಟ ಕಾಗದ. ಐಸಮ್ ಬಂದು ಹೆಂಡತಿಯನ್ನೂ ಮಗುವನ್ನೂ ಕರೆದುಕೊಂಡು ಹೋದ ಎಂದು ಅದರಲ್ಲಿತ್ತು.

ಕಸ್ತೂರಿ ನನ್ನ ಎರಡೂ ಕೈ ಹಿಡಿದು ಆ ಕೋಣೆಯಲ್ಲೇ ಗಿರಗಿರ ತಿರುಗಿಸಿದಳು. ರಸ್ಲಾನ್ ಅವರ ಚಹಾ ಉರುಳಿ ಬಿತ್ತು. ಅವರು ಒರೆಸಲೂ ಇಲ್ಲ, ಅಲ್ಹಂದುಲಿಲ್ಲಾಹ್ ಎನ್ನುತ್ತಾ ಒದ್ದೆ ಮೇಜಿನ ಮೇಲೇ ಕೈಯೂರಿ ನಗುತ್ತಾ ನಿಂತಿದ್ದರು. ಅಲ್ಲಿಯ ಕಾನೂನಿನಂತೆ ಹೆಟ್ಟಿ ಇನ್ನು ಮೇಲೆ ತನ್ನ ಗಂಡನ ಸ್ವತ್ತು ಎಂದೇ ಬರೆಯಬೇಕಿತ್ತಂತೆ, ಬಿಡುಗಡೆ ಎಂದು ಬರೆಯಲು ಅವಕಾಶವಿರಲಿಲ್ಲ. ಕಟ್ಟಿನ ಇನ್ನೊಂದು ಹಾಳೆಯಲ್ಲಿದ್ದ ಅದನ್ನು ನಾನು ಓದಿ ಹೇಳಿದಾಗ ಕಸ್ತೂರಿ, ಇಲ್ಲಿಯವರ ವಾಡಿಕೆಯ ಲಾ ಸೇರಿಸಿ, "ಬರೆದುಕೊಳ್ಳಲಿ ಬಿಡು ಲಾ, ಮನೆಗೆ ಹೋದಳಲ್ಲ" ಎಂದಳು.

ಕೊನೆಯ ಎರಡು ವರ್ಷದಲ್ಲಿ ಕೈಬರಹ ಓದುವ ಯಂತ್ರ ಬಂತು. ಈಗ ಸೇರುತ್ತಿರುವ ನೀವು ಅದು ಓದಿದ್ದನ್ನು ತಿದ್ದುವವರು. ನಮಗೆ ಮೊದಮೊದಲು ಅದರ ಮೇಲೆ ಸಿಟ್ಟಿತ್ತು. ಆದರೆ ಮೊದಲ ದಿನವೇ ಅದು ಪ್ರತಿ ಕಾಗದದ ಮೊದಲ ಪದವನ್ನು ಡಿಯರ್ ಸರ್ ಬದಲು ಡೆಡ್ ಸರ್ ಎಂದು ಓದಿ ನಮ್ಮ ಮನಸ್ಸು ಗೆದ್ದಿತು. ಎಲ್ಲರೂ ಸತ್ತಿದ್ದಾರೆ ತಾನೇ, ಅದರಲ್ಲಿ ತಪ್ಪೇನಿದೆ ಎಂದು ಕಸ್ತೂರಿ ಅದರ ಪರ ವಾದ ಮಾಡಿದಳು. ಆ ಯಾದಿಯ ಪುಟವನ್ನೂ ಅದಕ್ಕೆ ಕೊಟ್ಟು ನೋಡಿದೆ. ಲೆಟ್ಟಿ ಎಂದಿತು, ಚೂರೂ ಅಳುಕಿಲ್ಲದೆ. ನನ್ನದೇ ತಪ್ಪು. ಮಕ್ಕಳೇ, ಯಂತ್ರ ತಡವರಿಸಿದ ಕಡೆ ನೀವು ಹೇಗೂ ನೋಡುತ್ತೀರಿ. ತಡವರಿಸದ ಕಡೆಯೂ ನೋಡಿ, ಅದರಲ್ಲೂ ಮನುಷ್ಯರ ಹೆಸರು ಬಂದರೆ.

ನಾನು ನಿವೃತ್ತಿಯಾಗುವ ವರ್ಷ ಡೋರಿಸ್ ಒಂದು ಮೇಲ್ ಕಳಿಸಿದರು. ನಮ್ಮ ಪುಟಗಳನ್ನು ಅವರು ಎಲ್ಲರೂ ಹುಡುಕಿ ಓದುವಂತೆ ಅಂತರ್ಜಾಲಕ್ಕೆ ಹಾಕಿದ್ದರು. ಮಿಸ್ ಓಪಲ್ ಎಂಬ ಹಿರಿಯ ಹೆಂಗಸು, ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು, ತಮ್ಮ ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ ಬರೆದಿದ್ದ ಎರಡು ಹೆಸರನ್ನು ಹಾಕಿ ಹುಡುಕಿದ್ದರು. ಹೆಟ್ಟಿ, ಐಸಮ್. ಆ ಇಬ್ಬರಿಗಿಂತ ಹಿಂದಿನದು ಆ ಮನೆಯವರಿಗೆ ಏನೂ ತಿಳಿದಿರಲಿಲ್ಲ, ಎಲ್ಲಿಂದ ಬಂದರು, ಹೇಗೆ ಬಂದರು ಎಂಬುದು ಕೂಡ. ಯಾದಿಯಿಂದ ಹಿಡಿದು ಕೊನೆಯ ಕಾಗದದವರೆಗೆ ಎಲ್ಲವೂ ಒಂದರ ಹಿಂದೆ ಒಂದು ಸಿಕ್ಕಿತಂತೆ. ಅವರ ಮನೆತನದವರೆಲ್ಲಾ ವರ್ಷಕ್ಕೊಮ್ಮೆ ಸೇರುತ್ತಾರೆ, ಈ ಸಲ ನಿಮ್ಮಿಬ್ಬರ ಜೊತೆ ವಿಡಿಯೋದಲ್ಲಿ ಮಾತಾಡಬೇಕಂತೆ ಎಂದು ಡೋರಿಸ್ ಬರೆದಿದ್ದರು. ಮೇಲ್ ಓದಿದ ಕಸ್ತೂರಿ ಬಂದು, ನನ್ನ ಕುರ್ಚಿಯ ತೋಳಿನ ಮೇಲೆ ಕೂತಳು. ಕುರ್ಚಿ ಕಿರ್ರೆಂದಿತು. ಇಬ್ಬರೂ ಒಟ್ಟಿಗೆ ನಗುತ್ತಾ ಅತ್ತೆವು.

ಅಲ್ಲಿ ಸಂಜೆ, ಇಲ್ಲಿ ಬೆಳಗಿನ ಎಂಟು ಗಂಟೆ. ಕಸ್ತೂರಿ ಜರಿಯ ಸೀರೆಯಲ್ಲಿ ಬಂದಿದ್ದಳು, ರಸ್ಲಾನ್ ಇಲ್ಲಿಯವರ ಹಬ್ಬದ ಉಡುಪಾದ ಬಾಜು ತೊಟ್ಟು ಬಂದಿದ್ದರು. ಪರದೆ ಹೊತ್ತಿಕೊಂಡಿತು. ಮೂವತ್ತು ನಲವತ್ತು ಜನ, ಎಲ್ಲರಿಗೂ ಒಂದೇ ಹಸಿರು ಬಣ್ಣದ ಅಂಗಿ, ಎಲ್ಲರೂ ಒಮ್ಮೆಗೇ ಮಾತಾಡುತ್ತಿದ್ದರು. ನಡುವೆ ಕುರ್ಚಿಯಲ್ಲಿ ಮಿಸ್ ಓಪಲ್. ಅವರು ಕೈ ಎತ್ತಿದ ಕೂಡಲೇ ಎಲ್ಲರೂ ಸುಮ್ಮನಾದರು, ಬಸ್ಸಿನಲ್ಲಿ ಹಾಗೇ ಮಾಡಿಸುತ್ತಿದ್ದರೇನೋ. ತಮಗೆ ಕಣ್ಣು ಮಂಜು ಎಂದರು. ಮೊಮ್ಮಕ್ಕಳು ಆ ಕೊನೆಯ ಕಾಗದವನ್ನು ಫೋನಿನಲ್ಲಿ ಓದಲು ಬಂದರಂತೆ. ಆದರೆ ಅದನ್ನು ಮೊದಲು ಓದಿದವರ ಬಾಯಿಂದಲೇ ಕೇಳೋಣ ಎಂದು ಇವರೇ ತಡೆದಿದ್ದರಂತೆ.

ನನ್ನ ಇಂಗ್ಲಿಷ್ ಉಚ್ಚಾರಣೆ ರಾಣೆಬೆನ್ನೂರಿನದು. ಹಾಗೇ ಓದಿದೆ.

"ಬಡಗಿ ಐಸಮ್ ಇಂದು ಬೆಳಿಗ್ಗೆ ಖುದ್ದಾಗಿ ಬಂದಿದ್ದ. ಕಾಗದಪತ್ರ ಸರಿಯಾಗಿವೆ. ಹೆಟ್ಟಿಯನ್ನೂ ಮಗುವನ್ನೂ ಅವನಿಗೆ ಒಪ್ಪಿಸಿದ್ದೇನೆ. ಅವಳು ಕೂರುವುದಕ್ಕೆಂದು ಗಾಡಿಯಲ್ಲಿ ಬೆನ್ನಾನಿಸುವ ಪೀಠವೊಂದನ್ನು ಹೊಸದಾಗಿ ಮಾಡಿ ತಂದಿದ್ದ. ಅದಕ್ಕೆ ಹತ್ತಿಯ ಮೆತ್ತೆ ಕಟ್ಟಿದ್ದ. ಮೆತ್ತೆ ಜಾರುತ್ತದೆಯೋ ಎಂದು ತಾನೇ ಮೂರು ಸಲ ಕೂತು ನೋಡಿ, ಆಮೇಲೆ ಅವಳನ್ನು ಹತ್ತಿಸಿದ. ಇದರಿಂದಾಗಿ ನನ್ನ ಅರ್ಧ ಬೆಳಗು ಹೋಯಿತು."

ಎಂಟು ವರ್ಷ ಓದಿದ ಕಾಗದಗಳಲ್ಲಿ, ಕುದುರೆಯೊಂದನ್ನು ಬಿಟ್ಟರೆ, ಆ ವಕೀಲ ವ್ಯವಹಾರದಾಚೆ ಬರೆದದ್ದು ಅಷ್ಟೇ ಸಾಲು. ಓದಿ ಮುಗಿಸಿ ತಲೆ ಎತ್ತಿದೆ. ಆ ಕಡೆ ಯಾರೋ ಮೂಗೆಳೆದುಕೊಂಡದ್ದು ಕೇಳಿಸಿತು. ಮಿಸ್ ಓಪಲ್ ಕಣ್ಣು ಮುಚ್ಚಿ ಕೂತಿದ್ದರು. ತಪ್ಪು ಮಾಡಿದೆನೇನೋ, ಓದಬಾರದಿತ್ತೇನೋ ಎನಿಸಿತು.

ಆಮೇಲೆ ಅವರು ನಿಧಾನವಾಗಿ ತಿರುಗಿ, ಪಕ್ಕದಲ್ಲಿ ಕೂತಿದ್ದ ತಮ್ಮ ಗಂಡುಮಕ್ಕಳನ್ನು, ತಮ್ಮಂದಿರನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಮೂರು ಸಲ ಕೂತು ನೋಡಿದನಂತೆ," ಎಂದರು. "ಕೇಳಿಸಿತಾ? ಈ ಮನೆಯ ಗಂಡಸರಿಗೆ ಈ ರೋಗ ಎಲ್ಲಿಂದ ಬಂತು ಅಂತ ಇವತ್ತು ಗೊತ್ತಾಯ್ತು."

ಮನೆ ಹಾರಿಹೋಗುವ ಹಾಗೆ ನಕ್ಕರು ಎಲ್ಲರೂ. ಒಬ್ಬ ದಪ್ಪ ಮನುಷ್ಯನನ್ನು ಎಲ್ಲರೂ ಸೇರಿ ಮುಂದಕ್ಕೆ ತಳ್ಳಿದರು. ಅವನು ನಾಚಿಕೊಂಡು, ಮಿಸ್ ಓಪಲ್ ಬೆನ್ನ ಹಿಂದೆ ಬೆಳಿಗ್ಗೆ ತಾನೇ ತಂದಿಟ್ಟಿದ್ದ ದಿಂಬನ್ನು ಎತ್ತಿ ಕ್ಯಾಮೆರಾಕ್ಕೆ ತೋರಿಸಿದ. ಒಬ್ಬ ಹೆಂಗಸು ತನ್ನ ಗಂಡ ಕಾರಿನ ಸೀಟು ಸರಿಯಾಗುವ ತನಕ ಗಾಡಿ ಹೊರಡಿಸುವುದಿಲ್ಲ ಎಂದು ದೂರಿದಳು. ಇನ್ನೊಬ್ಬಳು ತನ್ನ ಅಣ್ಣ ಚರ್ಚಿಗೂ ಕುರ್ಚಿ ಹೊತ್ತು ತರುತ್ತಾನೆ ಎಂದಳು. ಎಲ್ಲರಿಗೂ ಒಂದೊಂದು ದೂರು, ಎಲ್ಲರೂ ಒಂದೇ ಸಲ ಹೇಳುತ್ತಿದ್ದರು. ಕಸ್ತೂರಿ ಹೊಟ್ಟೆ ಹಿಡಿದುಕೊಂಡು ನನ್ನ ಮೇಲೆ ಬಿದ್ದಳು. ರಸ್ಲಾನ್ ಕಣ್ಣೊರೆಸಿಕೊಳ್ಳುತ್ತಾ, ಮೆತ್ತೆ ಎಂಬ ಪದ ಸರಿಯಾಗಿ ಓದಿದ್ದೀರಿ ತಾನೇ ಪುವಾನ್ ಎಂದು ಕೇಳಿದರು.

ಆ ದಿನ ನಾವು ಒಂದು ಪುಟವನ್ನೂ ಟೈಪ್ ಮಾಡಲಿಲ್ಲ. ಎಷ್ಟು ಪುಟ ಆಯಿತು ಎಂದು ರಸ್ಲಾನ್ ಕೇಳಲೂ ಇಲ್ಲ.